ಓದಲು ಬಾರದ ಊರಿನಲ್ಲಿ ಹದಿನೈದು ದಿನ

ಹೋದ ತಿಂಗಳು ಮದ್ದೂರು ರೈಲ್ವೆ ಸ್ಟೇಷನ್ನಿನಲ್ಲಿ ನಮ್ಮ ಸಂಘದ ಮಿತ್ರರೊಬ್ಬರು ಸಿಕ್ಕಿದರು. ಅವರ ಮಗನಿಗೆ ಚೀನಾ ದೇಶದ ಗ್ವಾಂಗ್‌ಝೌ ಪಟ್ಟಣದಲ್ಲಿ ಉದ್ಯೋಗವಾಗಿದೆ. ತಂದೆತಾಯಿಗಳನ್ನು ಕೆಲವು ದಿನದ ಮಟ್ಟಿಗೆ ಅಲ್ಲಿಗೆ ಕರೆಸಿಕೊಳ್ಳಬೇಕೆಂದು ಅವನ ಆಶೆ. "ತಾವು ಹೋಗಿ ಬಂದವರು, ಏನು ಒಯ್ಯಬೇಕು, ಅಲ್ಲಿ ಹೇಗಿರಬೇಕು, ನಾಲ್ಕು ಮಾತು ಹೇಳಿ" ಎಂದು ಅವರು ಕೇಳಿದರು. ನಾನು ಹೇಳಲು ಮೊದಲುಮಾಡಿದೆನು. ಎರಡನೆಯ ಮಾತಿಗೆ ಬರುವಷ್ಟರಲ್ಲಿ ಮೈಸೂರಿನ ಗಾಡಿ ಬಂದುಬಿಟ್ಟಿತು. ಉಳಿದುದನ್ನು ಬರೆದು ಕಳುಹಿಸುವೆನೆಂದು ಮಾತು ಕೊಟ್ಟೆನು. ಬರೆಯಲು ಕುಳಿತಾಗ, ಇದು ಅವರೊಬ್ಬರಿಗೇ ಬೇಕಾದ ವಿಷಯವಲ್ಲವೆಂದು ತೋರಿತು. ಮಂಡ್ಯ, ಮದ್ದೂರು, ಮಳವಳ್ಳಿಗಳ ಎಷ್ಟೋ ಮನೆಗಳ ಮಕ್ಕಳು ಈಗ ದೂರದೇಶಗಳಲ್ಲಿರುವರು. ಇಂದು ಅವರ ಸರದಿ, ನಾಳೆ ಮತ್ತೊಬ್ಬರದು. ಆದುದರಿಂದ ಆ ಕಾಗದವನ್ನೇ ಸ್ವಲ್ಪ ವಿಸ್ತರಿಸಿ ಈ ಪತ್ರಿಕೆಯ ವಾಚಕರ ಮುಂದಿಡುತ್ತಿದ್ದೇನೆ.

ನಮ್ಮ ಮಗಳು ಎರಡು ವರ್ಷಗಳಿಂದ ಗ್ವಾಂಗ್‌ಝೌವಿನ ಒಂದು ವ್ಯಾಪಾರಸಂಸ್ಥೆಯಲ್ಲಿ ಕೆಲಸದಲ್ಲಿರುವಳು. 2025ರ ನವೆಂಬರಿನಲ್ಲಿ ನಾನೂ ನನ್ನ ಹೆಂಡತಿಯೂ ಅವಳಲ್ಲಿಗೆ ಹೋಗಿ ಹದಿನೈದು ದಿನ ಇದ್ದು ಬಂದೆವು. ಈ ಊರನ್ನೇ ಹಿಂದಿನವರು ಕ್ಯಾಂಟನ್ ಎಂದು ಕರೆಯುತ್ತಿದ್ದರು. ಇದು ಗ್ವಾಂಗ್‌ಡಾಂಗ್ ಪ್ರಾಂತದ ರಾಜಧಾನಿ. ಮುತ್ತಿನ ನದಿ ಎಂಬ ಹೊಳೆಯ ದಡದಲ್ಲಿದೆ. ಊರು ಎಷ್ಟು ದೊಡ್ಡದೆಂಬುದನ್ನು ತಿಳಿಯಲು ನಮ್ಮ ಅಳತೆಯೇ ಸಾಕು. 2011ರ ಜನಗಣತಿಯಲ್ಲಿ ಇಡೀ ಮಂಡ್ಯ ಜಿಲ್ಲೆಯ ಜನಸಂಖ್ಯೆ 18 ಲಕ್ಷ. 2020ರ ಚೀನೀ ಗಣತಿಯಲ್ಲಿ ಗ್ವಾಂಗ್‌ಝೌವಿನದು 1 ಕೋಟಿ 86 ಲಕ್ಷ. ಎಂದರೆ ನಮ್ಮಂಥ ಹತ್ತು ಜಿಲ್ಲೆಗಳ ಜನರು ಒಂದು ಊರಿನಲ್ಲಿರುವರು. ಹೊಳೆಯ ದಡದಲ್ಲಿ 600 ಮೀಟರು ಎತ್ತರದ ಒಂದು ಗೋಪುರವನ್ನು 2010ರಲ್ಲಿ ಜನರಿಗೆ ತೆರೆದರು. ಅದನ್ನು ಕತ್ತೆತ್ತಿ ನೋಡಿದಾಗ ಪೇಟ ಬೀಳುವುದೆಂಬ ಹಳೆಯ ಹಾಸ್ಯ ನನಗೆ ನೆನಪಾಯಿತು. ಆದರೆ ಗೋಪುರಗಳ ವರ್ಣನೆ ನನ್ನ ಉದ್ದೇಶವಲ್ಲ. ಅವು ಚಿತ್ರಗಳಲ್ಲಿ ಎಲ್ಲರಿಗೂ ಸಿಕ್ಕುವುವು. ಚಿತ್ರದಲ್ಲಿ ಸಿಕ್ಕದ ಒಂದು ಸಂಗತಿಯನ್ನು ನಾನು ಮೊದಲು ಹೇಳಬೇಕಾಗಿದೆ.

ಅದು ಇದು: ವಿಮಾನದಿಂದ ಇಳಿದ ಘಳಿಗೆಯಲ್ಲಿ ನಾವು ನಿರಕ್ಷರರಾಗಿಬಿಡುವೆವು. ನಾನು ಮೂವತ್ತನಾಲ್ಕು ವರ್ಷ ಉಪಾಧ್ಯಾಯನಾಗಿದ್ದವನು. ಸಾವಿರಾರು ಮಕ್ಕಳ ಕೈಹಿಡಿದು ಅಕ್ಷರ ತಿದ್ದಿಸಿದವನು. ಆ ಊರಿನ ಬೀದಿಯಲ್ಲಿ ನಿಂತಾಗ ಅಂಗಡಿ ಯಾವುದು, ಆಸ್ಪತ್ರೆ ಯಾವುದು, ಬಸ್ಸು ಎಲ್ಲಿಗೆ ಹೋಗುವುದು, ಯಾವುದೂ ನನಗೆ ತಿಳಿಯಲಿಲ್ಲ. ನೆಲದಡಿಯ ರೈಲಿನಲ್ಲಿ ಇಂಗ್ಲಿಷ್ ಬರಹವೂ ಇಂಗ್ಲಿಷ್ ಘೋಷಣೆಯೂ ಉಂಟು. ಮೆಟ್ಟಿಲು ಹತ್ತಿ ಬೀದಿಗೆ ಬಂದೊಡನೆ ಆ ಸೌಕರ್ಯ ಬಹಳಮಟ್ಟಿಗೆ ಮುಗಿಯಿತು. ಮಾತಿನ ಕಥೆಯೂ ಹೀಗೆಯೇ. ಸರಕಾರದ ಭಾಷೆ ಮ್ಯಾಂಡರಿನ್, ಊರ ಹಳಬರ ಭಾಷೆ ಕ್ಯಾಂಟನೀಸ್. ಎರಡೂ ನಮಗೆ ಒಂದೇ.

ಆಗ ನನಗೆ ನಮ್ಮ ಅವ್ವನ ನೆನಪಾಯಿತು. ಆಕೆ ಮಳವಳ್ಳಿಯ ಕಡೆಯ ಹಳ್ಳಿಯವಳು, ಹೆಬ್ಬೆಟ್ಟಿನವಳು. ನಾನು ಮಂಡ್ಯದಲ್ಲಿ ಓದುತ್ತಿದ್ದಾಗ ತಿಂಗಳಿಗೊಮ್ಮೆ ರಾಗಿಹಿಟ್ಟು ಹೊತ್ತುಕೊಂಡು ನನ್ನ ಕೊಠಡಿಗೆ ಬರುತ್ತಿದ್ದಳು. ಹಿಂದಿರುಗುವಾಗ ನಾನು ಬಸ್ ಸ್ಟ್ಯಾಂಡಿಗೆ ಹೋಗಿ ಹತ್ತಿಸಬೇಕು. ಒಂದು ಸಂಜೆ ನಾನು ಬೋರ್ಡು ಓದಿ, "ಇದೇ ಮಳವಳ್ಳಿ ಬಸ್ಸು, ಹತ್ತು" ಎಂದ ಮೇಲೆಯೂ ಆಕೆ ಕಡಲೆಕಾಯಿ ಮಾರುವವನನ್ನು ಕೇಳಿದಳು. ಆಮೇಲೆ ಕಂಡಕ್ಟರನ್ನು ಕೇಳಿದಳು. ನನ್ನ ಕಾಲೇಜಿನ ಗೆಳೆಯರು ಅಲ್ಲಿಯೇ ನಿಂತಿದ್ದರು. ನನಗೆ ನಾಚಿಕೆಯಾಯಿತು. "ಎಷ್ಟು ಜನರನ್ನು ಕೇಳುತ್ತೀಯವ್ವಾ, ನನ್ನ ಮಾತಿನಲ್ಲಿ ನಂಬಿಕೆಯಿಲ್ಲವೆ?" ಎಂದು ಗದರಿದೆನು. ಆಕೆ ಬೇಸರಪಡಲಿಲ್ಲ. "ಓದಿದೋನ್ಗೆ ಒಂದು ಬೋರ್ಡು ಸಾಕು ಕಣಪ್ಪ, ನನ್ನಂತೋಳ್ಗೆ ಮೂರು ಬಾಯಿ ಬೇಕು" ಎಂದು ಹೇಳಿ ಬಸ್ಸು ಹತ್ತಿದಳು. ಮೂರರಲ್ಲಿ ಎರಡು ಬಾಯಿ ಒಂದೇ ಮಾತಾಡಿದರೆ ಅದು ದಾರಿ ಎಂಬುದು ಆಕೆಯ ಲೆಕ್ಕ. ಈ ಲೆಕ್ಕ ನನಗೆ ಉಪಯೋಗಕ್ಕೆ ಬಂದುದು ಅರುವತ್ತೆಂಟನೆಯ ವಯಸ್ಸಿನಲ್ಲಿ, ಚೀನಾ ದೇಶದಲ್ಲಿ. ಆ ಸಂಗತಿಯನ್ನು ಮುಂದೆ ಹೇಳುವೆನು. ಅದಕ್ಕೆ ಮೊದಲು ಹೊರಡುವ ಸಿದ್ಧತೆಯನ್ನು ವಿವರಿಸುವುದು ಕ್ರಮ.

ಪಾಸ್ಪೋರ್ಟು, ವೀಸಾ ಎರಡೂ ಬೇಕು. ಅನೇಕ ದೇಶಗಳವರಿಗೆ ಚೀನೀಯರು ದಾರಿಯಲ್ಲಿಳಿದು ಹತ್ತು ದಿನ ವೀಸಾ ಇಲ್ಲದೆಯೇ ಇರುವ ಅನುಕೂಲವನ್ನು ಮಾಡಿಕೊಟ್ಟಿರುವರು. ನಾವು ಹೋದಾಗ ಭಾರತೀಯರು ಆ ಪಟ್ಟಿಯಲ್ಲಿರಲಿಲ್ಲ. ಇಂಥ ನಿಯಮಗಳು ಮಾರ್ಪಡುತ್ತಿರುವುವಾದ್ದರಿಂದ ಹೊರಡುವ ಮುನ್ನ ಮತ್ತೊಮ್ಮೆ ವಿಚಾರಿಸುವುದು ಲೇಸು. ಎರಡು ದೇಶಗಳ ನಡುವಣ ನೇರ ವಿಮಾನಸಂಚಾರ 2020ರಲ್ಲಿ ನಿಂತುಹೋಗಿದ್ದುದು 2025ರ ಅಕ್ಟೋಬರಿನಲ್ಲಿ ಕಲ್ಕತ್ತೆಯಿಂದ ಗ್ವಾಂಗ್‌ಝೌಗೆ ಮತ್ತೆ ಮೊದಲಾಯಿತು. ನಾವು ಬೆಂಗಳೂರಿನಿಂದ ಕಲ್ಕತ್ತೆಗೆ ಹೋಗಿ ಅಲ್ಲಿಂದ ಹಾರಿದೆವು. ಕಲ್ಕತ್ತೆಯಿಂದ ಸುಮಾರು ನಾಲ್ಕು ಗಂಟೆಯ ಹಾದಿ. ಇಳಿದೊಡನೆ ಗಡಿಯಾರವನ್ನು ಎರಡೂವರೆ ಗಂಟೆ ಮುಂದಕ್ಕೆ ತಿರುಗಿಸಬೇಕು. ಹೊತ್ತಿಗೆ ಸರಿಯಾಗಿ ಔಷಧಿ ತೆಗೆದುಕೊಳ್ಳುವವರು ಇದನ್ನು ಲಘುವಾಗಿ ಎಣಿಸಬಾರದು.

ಕಾಲವನ್ನು ನೋಡಿ ಹೊರಡಬೇಕು. ವೈಶಾಖದಿಂದ ಭಾದ್ರಪದದವರೆಗೆ ಅಲ್ಲಿ ಸೆಖೆಯೂ ಮಳೆಯೂ ಅತಿಶಯ. ಕಡಲಿನ ಬಿರುಗಾಳಿಯ ಭಯವೂ ಉಂಟು. ನವೆಂಬರು, ಡಿಸೆಂಬರುಗಳು ನಮಗೆ ಹಿತ. ಅಕ್ಟೋಬರಿನ ಮೊದಲ ವಾರದ ರಾಷ್ಟ್ರೀಯ ರಜೆಯಲ್ಲಿಯೂ ಅವರ ಹೊಸವರ್ಷದ ಹಬ್ಬದಲ್ಲಿಯೂ ದೇಶಕ್ಕೆ ದೇಶವೇ ಪ್ರಯಾಣದಲ್ಲಿರುವುದು, ಆಗ ಹೋಗಬಾರದು. 1957ರಿಂದ ನಡೆದುಬಂದ ಪ್ರಸಿದ್ಧವಾದ ವ್ಯಾಪಾರಮೇಳವು ವರ್ಷಕ್ಕೆರಡು ಸಲ, ಏಪ್ರಿಲಿನಲ್ಲಿಯೂ ಅಕ್ಟೋಬರಿನಲ್ಲಿಯೂ, ಸೇರುವುದು. ವ್ಯಾಪಾರಕ್ಕೆ ಹೋಗುವವರಿಗೆ ಅದೇ ಕಾಲ. ಉಳಿದವರಿಗೆ ಆಗ ಹೋಟೆಲಿನ ಕೊಠಡಿ ದುಬಾರಿ.

ಹೋಟೆಲಿನಲ್ಲಿ ಇಳಿದುಕೊಂಡರೆ ನಮ್ಮ ಹೆಸರನ್ನು ಪೋಲೀಸರಲ್ಲಿ ದಾಖಲುಮಾಡಿಸುವ ಹೊಣೆ ಹೋಟೆಲಿನವರದು. ಮಕ್ಕಳ ಮನೆಯಲ್ಲಿ ಇಳಿದುಕೊಂಡರೆ ಅದು ನಮ್ಮದು. 24 ಗಂಟೆಗಳೊಳಗೆ ಆಗಬೇಕು. ನಾವು ಆಯಾಸದಲ್ಲಿದ್ದರೂ ಮಗಳು ಅಂದೇ ಆ ಕೆಲಸವನ್ನು ಮುಗಿಸಿದಳು. ಪಾಸ್ಪೋರ್ಟು ಸದಾ ಮೈಮೇಲಿರಬೇಕು. ದೂರದ ರೈಲಿನ ಟಿಕೆಟ್ಟು ಕೊಳ್ಳುವುದಕ್ಕೂ ಅದೇ ಬೇಕು.

ಇನ್ನು ಗಂಟುಮೂಟೆಯ ವಿಚಾರ. ಹಣ್ಣು, ತರಕಾರಿ, ಬೀಜ, ಬೆಣ್ಣೆ ಮೊದಲಾದ ಹಾಲಿನ ಪದಾರ್ಥಗಳನ್ನು ಸುಂಕದವರು ಒಳಗೆ ಬಿಡುವುದಿಲ್ಲ. ಮಗಳಿಗೆಂದು ಕಾಯಿಸಿದ್ದ ಎರಡು ಸೇರು ತುಪ್ಪವನ್ನು ನನ್ನ ಹೆಂಡತಿ ಕಣ್ಣೀರಿಡುತ್ತ ಬೆಂಗಳೂರಿನ ನಂಟರ ಮನೆಯಲ್ಲಿ ಬಿಟ್ಟಳು. ಮದ್ದೂರು ವಡೆ ಮೂರನೆಯ ದಿನಕ್ಕೆ ಮೆತ್ತಗಾಯಿತು. ಕೋಡುಬಳೆ, ಚಟ್ನಿಪುಡಿ, ಹುರಿಹಿಟ್ಟುಗಳು ಹದಿನೈದು ದಿನವೂ ಬಂದುವು. ಔಷಧಿಯನ್ನು ಇಲ್ಲಿಂದಲೇ ಒಯ್ಯಬೇಕು. ಜೊತೆಗೆ ವೈದ್ಯರು ಇಂಗ್ಲಿಷಿನಲ್ಲಿ ಬರೆದುಕೊಟ್ಟ ಚೀಟಿ ಬೇಕು. ನನ್ನ ಹೆಂಡತಿಗೆ ಸಕ್ಕರೆ ಕಾಯಿಲೆ. ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಊಟದ ಹೊತ್ತು ತಪ್ಪಿದರೆ ಕೈಕಾಲು ನಡುಗಿ ಕಣ್ಣುಕತ್ತಲೆ ಬರುವುದು. ನಮ್ಮ ಮೂರು ಗುಂಡುಕಡ್ಡಿಯ ಪ್ಲಗ್ಗು ಅಲ್ಲಿಯ ಗೋಡೆಗೆ ಹೊಂದುವುದಿಲ್ಲ. ಅದಕ್ಕೆ ತಕ್ಕ ಅಡಾಪ್ಟರು ಕೊಂಡೊಯ್ಯಬೇಕು.

ಹಣದ ವಿಷಯದಲ್ಲಿ ಆ ಊರು ನಮಗಿಂತ ಮುಂದೆ ಹೋಗಿದೆ. ತಳ್ಳುಗಾಡಿಯವನಿಂದ ದೊಡ್ಡ ಅಂಗಡಿಯವರೆಗೆ ಎಲ್ಲೆಲ್ಲಿಯೂ ಮೊಬೈಲಿನಲ್ಲಿಯೇ ಕೊಡುವುದು, ಕೊಳ್ಳುವುದು. ಅದಕ್ಕೆ ಅಲಿಪೇ, ವೀಚಾಟ್ ಎಂಬ ಅಲ್ಲಿಯ ಎರಡು ಆ್ಯಪ್‌ಗಳಿವೆ. 2023ರಿಂದ ಪರದೇಶಿಗಳು ತಮ್ಮ ಬ್ಯಾಂಕಿನ ಅಂತಾರಾಷ್ಟ್ರೀಯ ಕಾರ್ಡನ್ನು ಅವಕ್ಕೆ ಸೇರಿಸಿಕೊಳ್ಳುವುದು ಸುಲಭವಾಗಿದೆ. ಇದನ್ನು ಊರಿನಲ್ಲಿರುವಾಗಲೇ ಮಾಡಿ, ಹೊರದೇಶದಲ್ಲಿ ಕಾರ್ಡು ನಡೆಯುವಂತೆ ಬ್ಯಾಂಕಿನಲ್ಲಿ ಹೇಳಿಟ್ಟಿರಬೇಕು. ನೋಟುಗಳನ್ನು ಅವರು ಒಲ್ಲೆವೆನ್ನುವಂತಿಲ್ಲ. ಆದರೆ ಚಿಲ್ಲರೆ ಎಲ್ಲರಲ್ಲಿಯೂ ಇರುವುದಿಲ್ಲ. ಅವರ ನಾಣ್ಯ ಯುವಾನ್. ನಾವು ಹೋದಾಗ ಒಂದಕ್ಕೆ ನಮ್ಮ ಹನ್ನೆರಡು ರೂಪಾಯಿಯ ಮೇಲಿತ್ತು. ಹತ್ತು, ಇಪ್ಪತ್ತರ ನೋಟುಗಳಲ್ಲಿ ಸ್ವಲ್ಪ ಹಣವನ್ನು ಬೇರೆಯಾಗಿ ಇಟ್ಟುಕೊಂಡಿರಬೇಕು. ನಮ್ಮಲ್ಲಿ ದಿನನಿತ್ಯ ಬಳಸುವ ಗೂಗಲ್, ವಾಟ್ಸ್ಯಾಪ್‌ಗಳಿಗೆ ಆ ದೇಶದ ಜಾಲದಲ್ಲಿ ಪ್ರವೇಶವಿಲ್ಲ. ನಮ್ಮೂರಿನ ಸಿಮ್ಮಿಗೆ ಪರದೇಶಸಂಚಾರದ ಸೌಲಭ್ಯ ಮಾಡಿಸಿಕೊಂಡು ಹೋದರೆ ಅವು ಸಾಮಾನ್ಯವಾಗಿ ನಡೆಯುವುವು. ಪೋಲೀಸಿಗೆ 110, ಆಂಬುಲೆನ್ಸಿಗೆ 120, ಬೆಂಕಿಗೆ 119. ಈ ಮೂರು ಅಂಕಿಗಳನ್ನು ಬಾಯಿಪಾಠ ಮಾಡಿರಬೇಕು.

ಅಕ್ಷರ ಬಾರದೆಂದು ಹೇಳಿದೆನಷ್ಟೆ. ಆದರೂ ಮೂರು ನಾಲ್ಕು ಅಕ್ಷರಗಳನ್ನು ಕಲಿಯುವುದು ಕಷ್ಟವಲ್ಲ. ಮಗಳು ಮೊದಲನೆಯ ರಾತ್ರಿಯೇ ನನ್ನನ್ನು ಕೂರಿಸಿಕೊಂಡು ತಿದ್ದಿಸಿದಳು. ನಾಲ್ಕು ಗೆರೆಯ ಒಂದು ಚೌಕವನ್ನು ಬರೆದರೆ ಅದು 'ಬಾಯಿ'. ಬೆಟ್ಟದ ಮೇಲೆ ಬೆಟ್ಟ ಹೇರಿದಂತಿರುವ ಗುರುತಿನ ಪಕ್ಕದಲ್ಲಿ ಆ ಚೌಕವಿದ್ದರೆ ಹೊರಹೋಗುವ ಬಾಗಿಲು. ಎರಡು ಕಾಲು ಅಗಲಿಸಿ ನಿಂತಂತಿರುವ ಗುರುತಿನ ಪಕ್ಕದಲ್ಲಿದ್ದರೆ ಒಳಬರುವ ಬಾಗಿಲು. ಇನ್ನೊಂದು ಅಕ್ಷರ ನನಗೆ ಬಹಳ ಹಿಡಿಸಿತು. ಮೇಲೆ ನಾಲ್ಕು ಮಡಿಯಾಗಿ ಬದುಕಟ್ಟಿದ ಒಂದು ಗದ್ದೆ, ಅದರ ಕೆಳಗೆ 'ಬಲ' ಎಂಬರ್ಥದ ಗುರುತು. ಗದ್ದೆಯಲ್ಲಿ ಬಲವನ್ನು ಸುರಿಯುವವನು ಎಂದರೆ 'ಗಂಡಸು'. ಮಂಡ್ಯದ ಒಕ್ಕಲಮಗನಿಗೆ ಇದಕ್ಕಿಂತ ಸ್ಪಷ್ಟವಾದ ಅಕ್ಷರ ಬೇಕೆ? ಅದನ್ನು ಅವರು ಪಾಯಿಖಾನೆಯ ಬಾಗಿಲ ಮೇಲೆ ಬರೆದಿರುವರೆಂಬುದು ಬೇರೆ ಮಾತು. ಗದ್ದೆಯಲ್ಲಿ ಬಗ್ಗಿ ನಾಟಿ ಹಾಕುವ ಹೆಂಗಸಿಗೆ ಆ ಅಕ್ಷರದಲ್ಲಿ ಪಾಲೇಕಿಲ್ಲವೆಂದು ನನ್ನ ಹೆಂಡತಿ ಕೇಳಿದಳು. ಮಗಳಿಂದಲೂ ಉತ್ತರ ಬರಲಿಲ್ಲ. ಪ್ರಕೃತಕ್ಕೆ ಬಂದರೆ, ಅಲ್ಲಿಗೆ ಹೋಗುವಾಗ ಕಾಗದವನ್ನು ನಾವೇ ಒಯ್ಯಬೇಕು. ಎಲ್ಲ ಕಡೆಯೂ ಇಟ್ಟಿರುವುದಿಲ್ಲ.

ಊಟಕ್ಕೆ ಸಂಬಂಧಿಸಿದಂತೆ ಮಾಂಸಾಹಾರಿಗಳಿಗೆ ನಾನು ಹೇಳಬೇಕಾದುದೇನೂ ಇಲ್ಲ. ಕ್ಯಾಂಟನ್ನಿನ ಅಡಿಗೆ ಲೋಕವಿಖ್ಯಾತವಾದುದು. ಶಾಕಾಹಾರಿಗಳು ಎಚ್ಚರವಾಗಿರಬೇಕು. ಬರಿಯ ಸೊಪ್ಪಿನ ಪಲ್ಯವೆಂದು ಬಂದುದರಲ್ಲಿಯೂ ಸಿಂಪಿಯ ರಸವೋ ಕೋಳಿಯ ಸಾರೋ ಹಂದಿಯ ಕೊಬ್ಬೋ ಸೇರಿರಬಹುದು. 'ಸು' ಎಂದರೆ ಶಾಕಾಹಾರ. 'ವೊ ಚ್ರ್ ಸು' ಎಂದರೆ ನಾನು ಶಾಕಾಹಾರಿ. ಇದನ್ನು ನಮ್ಮ ಉಚ್ಚಾರಣೆಯಲ್ಲಿ ಹೇಳಿದರೆ ಅವರಿಗೆ ತಿಳಿಯುವುದು ಅನುಮಾನ. ಬರೆಸಿಕೊಂಡ ಚೀಟಿ ತೋರಿಸುವುದು ಉತ್ತಮ. ಬೌದ್ಧ ದೇವಾಲಯಗಳ ಬಳಿ ಇರುವ ಶಾಕಾಹಾರದ ಭೋಜನಶಾಲೆಗಳನ್ನು ನಂಬಬಹುದು. ಬೌದ್ಧರ ಮಡಿಯಡಿಗೆಯಲ್ಲಿ ನೀರುಳ್ಳಿ ಬೆಳ್ಳುಳ್ಳಿಗಳೂ ಇರುವುದಿಲ್ಲ. ನಲ್ಲಿಯ ನೀರನ್ನು ಹಾಗೆಯೇ ಕುಡಿಯಬಾರದು, ಅವರೂ ಕುಡಿಯುವುದಿಲ್ಲ. ಆದರೆ ಕುದಿಸಿದ ಬಿಸಿನೀರು ರೈಲಿನಲ್ಲಿ, ನಿಲ್ದಾಣದಲ್ಲಿ, ಹೋಟೆಲಿನಲ್ಲಿ ಎಲ್ಲೆಲ್ಲಿಯೂ ಬಿಟ್ಟಿ ಸಿಕ್ಕುವುದು. ಒಂದು ಫ್ಲಾಸ್ಕು ಜೊತೆಗಿದ್ದರೆ ಸಾಕು. ರಸ್ತೆ ದಾಟುವಾಗ ಮೊದಲು ಎಡಗಡೆಗೆ ನೋಡಬೇಕು, ಅಲ್ಲಿ ವಾಹನಗಳು ಬಲಮಗ್ಗುಲಲ್ಲಿ ಓಡುವುವು. ವಿದ್ಯುತ್ ಸ್ಕೂಟರುಗಳು ಸದ್ದಿಲ್ಲದೆ ಮೈಮೇಲೆ ಬರುವುವು.

ಪೇಟೆಯಲ್ಲಿ ಒಂದು ದಿನ ಕಪ್ಪು ಸಿಪ್ಪೆಯ ಕಬ್ಬಿನ ಜಲ್ಲೆಗಳನ್ನು ಕಂಡು ಕಾಲು ತಾನಾಗಿ ನಿಂತಿತು. ಪಕ್ಕದ ಅಂಗಡಿಯಲ್ಲಿ ಹಲಗೆಯಂತೆ ಎರೆದ ಕಂದುಬಣ್ಣದ ಬೆಲ್ಲವಿತ್ತು. 647ರಲ್ಲಿ ಚೀನಾದ ಚಕ್ರವರ್ತಿ ತೈತ್ಸುಂಗನು ಕಬ್ಬಿನ ಹಾಲನ್ನು ಅಡುವ ವಿದ್ಯೆಯನ್ನು ಕಲಿತುಬರಲು ಮಗಧಕ್ಕೆ ದೂತರನ್ನು ಕಳುಹಿಸಿದನೆಂದು ಅವರ ಚರಿತ್ರೆಯಲ್ಲಿಯೇ ಬರೆದಿದೆ. 1933ರಲ್ಲಿ ಸಕ್ಕರೆಯ ಕಾರ್ಖಾನೆ ಕಟ್ಟಿದ ಊರಿನವನಾದ ನನಗೆ ಆ ಬೆಲ್ಲದ ತುಣುಕೊಂದನ್ನು ಬಾಯಿಗಿಟ್ಟುಕೊಂಡಾಗ ಪರದೇಶವೆನಿಸಲಿಲ್ಲ. ಆ ಕಾಲದಲ್ಲಿಯೇ ಹ್ಯೂಯೆನ್ ತ್ಸಾಂಗನೆಂಬ ಚೀನೀ ಯಾತ್ರಿಕನು ಕಾಲ್ನಡಿಗೆಯಲ್ಲಿ ಭಾರತಕ್ಕೆ ಬಂದು, ನಮ್ಮ ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಕುರಿತು ಬರೆದಿಟ್ಟನು. ಆತನು ಎಷ್ಟು ಬಾಯಿಗಳನ್ನು ಕೇಳಿ ದಾರಿ ಕಂಡುಕೊಂಡನೋ!

ಈಗ ಆ ಸಂಜೆಯ ವಿಷಯ. ಐದನೆಯ ದಿನ ಮಗಳು ಕೆಲಸಕ್ಕೆ ಹೋದ ಮೇಲೆ ನಾವಿಬ್ಬರೇ ಹುವಾಲಿನ್ ದೇವಾಲಯಕ್ಕೆ ಹೋದೆವು. ಆರನೆಯ ಶತಮಾನದಲ್ಲಿ ಭಾರತದಿಂದ ಹಡಗಿನಲ್ಲಿ ಬಂದ ಬೋಧಿಧರ್ಮನು ಕಾಲಿಟ್ಟ ಸ್ಥಳ ಅದೆಂದು ಅಲ್ಲಿಯವರ ನಂಬಿಕೆ; ಆತನು ದಕ್ಷಿಣದೇಶದ ರಾಜಕುಮಾರನೆಂದು ಪ್ರತೀತಿ. ಹೊರಡುವಾಗ ಮಗಳು ಮನೆಯ ವಿಳಾಸವನ್ನೂ ತನ್ನ ಫೋನಿನ ಅಂಕಿಯನ್ನೂ ಚೀನೀ ಲಿಪಿಯಲ್ಲಿ ಎರಡು ಚೀಟಿಗಳಲ್ಲಿ ಬರೆದು ನಮ್ಮಿಬ್ಬರಿಗೂ ಕೊಟ್ಟಿದ್ದಳು. ನನ್ನ ಹೆಂಡತಿ ತನ್ನದನ್ನು ಸೆರಗಿನ ತುದಿಗೆ ಗಂಟುಹಾಕಿಕೊಂಡಳು. ನಾನು ನಕ್ಕೆನು. "ಮೊಬೈಲಿರುವಾಗ ಇದೇಕೆ?" ಎಂದು ನನ್ನ ಚೀಟಿಯನ್ನು ಓದುತ್ತಿದ್ದ ಪುಸ್ತಕದೊಳಗೆ ಗುರುತಿಗಾಗಿ ಇಟ್ಟು ಬಂದೆನು.

ದೇವಾಲಯವನ್ನು ನೋಡಿಕೊಂಡು ಚಾಂಗ್‌ಶೌ ರಸ್ತೆಯ ನಿಲ್ದಾಣಕ್ಕೆ ಇಳಿದಾಗ ಸಂಜೆ ಐದೂವರೆ. ಕಚೇರಿಗಳು ಬಿಡುವ ಹೊತ್ತು. ದಾರಿಯುದ್ದಕ್ಕೂ ಚಿತ್ರ ತೆಗೆದು ತೆಗೆದು ನನ್ನ ಮೊಬೈಲಿನ ಜೀವ ಆರುತ್ತ ಬಂದಿತ್ತು. ರೈಲು ಬಂದಿತು, ಜನರ ನೂಕಿನಲ್ಲಿ ನಾನು ಒಳಗಾದೆನು. ಹಿಂದಿರುಗಿ ನೋಡುವಷ್ಟರಲ್ಲಿ ಗಾಜಿನ ಬಾಗಿಲು ಮುಚ್ಚಿತು. ಆಕೆ ಹೊರಗೆ ನಿಂತಿದ್ದಳು. ಕೈ ಬೀಸಿದೆನು. ರೈಲು ಹೊರಟಿತು.

ಮುಂದಿನ ನಿಲ್ದಾಣ ಚೆನ್ ಮನೆತನದ ವಿದ್ಯಾಲಯದ ಹೆಸರಿನದು. ಅಲ್ಲಿ ಇಳಿದೆನು. ಹಿಂದಿನ ರೈಲಿನಲ್ಲಿ ಆಕೆ ಬಂದೇ ಬರುವಳೆಂದು ಎಣಿಸಿ ನಿಂತೆನು. ಒಂದು ಬಂದಿತು, ಎರಡು ಬಂದುವು, ಆರು ಬಂದುವು. ಆಕೆ ಬರಲಿಲ್ಲ. ಮಗಳಿಗೆ ತಿಳಿಸೋಣವೆಂದು ಮೊಬೈಲು ತೆಗೆದರೆ ಅದು ಆರಿಹೋಗಿತ್ತು. ಗೋಡೆಯ ಬಳಿ ಬಾಡಿಗೆಗೆ ಕೊಡುವ ಬ್ಯಾಟರಿಗಳ ಪೆಟ್ಟಿಗೆಯಿತ್ತು. ಅದನ್ನು ತೆರೆಯಬೇಕಾದರೆ ಮೊಬೈಲು ಬದುಕಿರಬೇಕು. ಮಗಳ ಫೋನಿನ ಅಂಕಿ ನನಗೆ ಬಾಯಿಗೆ ಬರುತ್ತಿರಲಿಲ್ಲ. ಮೂವತ್ತನಾಲ್ಕು ವರ್ಷ ಮಕ್ಕಳಿಂದ ಮಗ್ಗಿ ಒಪ್ಪಿಸಿಕೊಂಡ ನನಗೆ ಹನ್ನೊಂದು ಅಂಕಿಗಳು ಬಾಯಿಪಾಠವಿರಲಿಲ್ಲ! ವಿಳಾಸದ ಚೀಟಿ ಪುಸ್ತಕದಲ್ಲಿತ್ತು. ಆಕೆಯ ಇನ್ಸುಲಿನ್ನಿನ ಹೊತ್ತು ಏಳೂವರೆ. ಬೆಳಗಿನಿಂದ ತಿಂದುದು ಸ್ವಲ್ಪ. ಆಕೆ ನಾಲ್ಕನೆಯ ತರಗತಿಯವರೆಗೆ ಓದಿದವಳು. ಇಂಗ್ಲಿಷಿನ ಒಂದು ಮಾತೂ ಬಾರದು. ಆ ಹತ್ತು ನಿಮಿಷ ನನ್ನ ಮನಸ್ಸಿನಲ್ಲಿ ಏನೇನು ಬಂದು ಹೋಯಿತೆಂಬುದನ್ನು ಬರೆಯಲಾರೆನು.

ಎದುರು ದಿಕ್ಕಿನ ರೈಲು ಹಿಡಿದು ಹಿಂದಿರುಗಿದೆನು. ಆಕೆ ನಿಂತಿದ್ದ ಜಾಗ ಬರಿದಾಗಿತ್ತು. ಆಗ ಅವ್ವನ ಮಾತು ನೆನಪಿಗೆ ಬಂದಿತು. ಒಬ್ಬ ವಿದ್ಯಾರ್ಥಿಯನ್ನು ಇಂಗ್ಲಿಷಿನಲ್ಲಿ ಕೇಳಿದೆನು. ಆತನು ಪಾಪ, ನಾನು ದಾರಿ ಕೇಳುತ್ತಿರುವೆನೆಂದು ಬಗೆದು ಗೋಡೆಯ ಮೇಲಣ ನಕ್ಷೆಯನ್ನು ತೋರಿಸಿದನು. ಒಂದು ಬಾಯಿ ಆಯಿತು. ತರಕಾರಿಯ ಚೀಲ ಹಿಡಿದು ನಿಂತಿದ್ದ ಮುದುಕಿಯೊಬ್ಬಳ ಮುಂದೆ ನಿಂತು, ಹಣೆಯಲ್ಲಿ ಕುಂಕುಮವಿಟ್ಟಂತೆಯೂ ಹೆಗಲ ಮೇಲೆ ಸೆರಗು ಹೊದ್ದಂತೆಯೂ ಅಭಿನಯಿಸಿದೆನು. ಆ ವಯಸ್ಸಿನಲ್ಲಿ ಅಷ್ಟು ಜನರ ನಡುವೆ ಸೆರಗು ಹೊದೆದ ಮೇಷ್ಟರನ್ನು ನೋಡಿ ನನ್ನ ಹಳೆಯ ವಿದ್ಯಾರ್ಥಿಗಳು ಏನೆನ್ನುತ್ತಿದ್ದರೋ! ಆಕೆ ನಗಲಿಲ್ಲ, ಏನೋ ಹೇಳುತ್ತ ಮೇಲಣ ಅಂತಸ್ತಿನ ಕಡೆಗೆ ಬೆರಳು ತೋರಿಸಿದಳು. ಎರಡು ಬಾಯಿ. ಕಸ ಗುಡಿಸುತ್ತಿದ್ದ ಹೆಂಗಸಿನ ಮುಂದೆಯೂ ಅದೇ ಅಭಿನಯ ಮಾಡಿದೆನು. ಆಕೆಯೂ ಮೇಲೆಯೇ ತೋರಿಸಿದಳು. ತೋರಿಸಿ, ತನ್ನ ಹೆಗಲ ಮೇಲೂ ಒಂದು ಸೆರಗನ್ನು ಎಳೆದುಕೊಂಡಳು. ಮೂರರಲ್ಲಿ ಎರಡು ಒಂದಾಗಿದ್ದುವು. ಮೆಟ್ಟಿಲುಗಳನ್ನು ಓಡಿ ಹತ್ತಿದೆನು.

ಮೇಲೆ ವಿಚಾರಣೆಯ ಕಿಟಕಿಯ ಪಕ್ಕದಲ್ಲಿ ನನ್ನ ಹೆಂಡತಿ ಕುರ್ಚಿಯ ಮೇಲೆ ಕುಳಿತು ಕೋಡುಬಳೆ ತಿನ್ನುತ್ತಿದ್ದಳು. ಕೈಯಲ್ಲಿ ಬಿಸಿನೀರಿನ ಲೋಟ. ಪಕ್ಕದಲ್ಲಿ ಸಮವಸ್ತ್ರ ತೊಟ್ಟ ಹುಡುಗಿಯೊಬ್ಬಳು ನಿಂತಿದ್ದಳು. ಅವಳ ಕೈಯಲ್ಲಿಯೂ ಅರ್ಧ ಕೋಡುಬಳೆ. ನಡೆದುದಿಷ್ಟು: ಬಾಗಿಲು ಮುಚ್ಚಿದ ಮೇಲೆ ಆಕೆ ನಿಂತಲ್ಲೇ ನಿಂತಿದ್ದಳು. ಬಹಳ ಹೊತ್ತಾದರೂ ನಾನು ಬಾರದಿರಲು ಸೆರಗಿನ ಗಂಟು ಬಿಚ್ಚಿ ಚೀಟಿಯನ್ನು ಆ ಹುಡುಗಿಗೆ ತೋರಿಸಿದಳು. ಹುಡುಗಿ ಮಗಳಿಗೆ ಫೋನು ಮಾಡಿದಳು. ಮಗಳು ಕನ್ನಡದಲ್ಲಿ ತಾಯಿಗೆ ಧೈರ್ಯ ಹೇಳಿ, ಕುಳ್ಳಿರಿಸಿ ತಿನ್ನಲು ಬಿಡಬೇಕೆಂದು ಹುಡುಗಿಗೆ ಚೀನೀಯಲ್ಲಿ ಹೇಳಿದಳು. ಮಗಳು ಆಗಲೇ ಹೊರಟಿದ್ದಳು. ನಾನು ಏದುತ್ತ, "ಎಲ್ಲಿ ಕಳೆದುಹೋಗಿದ್ದೆ?" ಎಂದೆನು. ಆಕೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ನಾನೆಲ್ಲಿ ಕಳೆದುಹೋದೆ? ಇಲ್ಲೇ ಇದ್ದೆನಲ್ಲ. ಕಳೆದುಹೋಗಿದ್ದವರು ನೀವು" ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ಚಿಕ್ಕಲ್ಲೂರು ಜಾತ್ರೆಗೆ ಹೋದಾಗ ಅತ್ತೆಮ್ಮ ಹೇಳಿಕೊಟ್ಟಿದ್ದರು. ತಪ್ಪಿಸಿಕೊಂಡರೆ ಹುಡುಕಿಕೊಂಡು ಹೋಗಬೇಡ, ನಿಂತಲ್ಲೇ ನಿಲ್ಲು, ಹೋದವರು ಬರಲಿ ಅಂತ" ಎಂದಳು. ಅವ್ವ ತೀರಿಕೊಂಡು ಹನ್ನೆರಡು ವರ್ಷಗಳಾದುವು. ಬಸ್ ಸ್ಟ್ಯಾಂಡಿನ ಆ ಸಂಜೆಯನ್ನು ಕುರಿತು ನಾನು ಆಕೆಯೊಡನೆ ಎಂದೂ ಮಾತಾಡಿರಲಿಲ್ಲ.

ತಪ್ಪು ಕೇವಲ ನನ್ನದು. ಆದುದರಿಂದ ನನ್ನ ಮಿತ್ರರಿಗೆ ಹೇಳುವ ಮುಖ್ಯವಾದ ಸಲಹೆಗಳು ಇವು. ವಿಳಾಸವನ್ನು ಚೀನೀ ಲಿಪಿಯಲ್ಲಿ ಬರೆಸಿದ ಚೀಟಿ ಗಂಡಹೆಂಡಿರಿಬ್ಬರ ಮೈಮೇಲೂ ಇರಬೇಕು, ಮೊಬೈಲಿನಲ್ಲಿದ್ದರೆ ಸಾಲದು. ಮಕ್ಕಳ ಫೋನಿನ ಅಂಕಿ ಇಬ್ಬರಿಗೂ ಬಾಯಿಪಾಠವಿರಬೇಕು. ನಿಲ್ದಾಣದ ಹೊರಬಾಗಿಲುಗಳಿಗೆ ಎ, ಬಿ, ಸಿ, ಡಿ ಎಂದು ಗುರುತುಗಳಿರುವುವು. ಮನೆಯ ಕಡೆಯ ಬಾಗಿಲಿನ ಗುರುತನ್ನು ನೆನಪಿಡಬೇಕು. ರೈಲಿನಲ್ಲಿ ಬೇರೆಯಾದರೆ ಹಿಂದೆ ಉಳಿದವರು ಅಲುಗಬಾರದು. ಮುಂದೆ ಹೋದವರು ಒಡನೆಯೇ ಹಿಂದಿರುಗಬೇಕು. ಔಷಧಿ ತೆಗೆದುಕೊಳ್ಳುವವರ ಕೈಚೀಲದಲ್ಲಿ ತಿನ್ನುವ ಪದಾರ್ಥ ತಪ್ಪದೆ ಇರಬೇಕು. ಕಟ್ಟಕಡೆಗೆ, ಕೇಳಲು ನಾಚಬಾರದು. ಒಬ್ಬರನ್ನು ಕೇಳಿ ನಿಲ್ಲಿಸಬಾರದು. ಆ ಊರಿನ ಜನರು ನೋಡಲು ಅವಸರದವರು. ನಿಲ್ಲಿಸಿ ಕೇಳಿದರೆ ತಮ್ಮ ಮೊಬೈಲಿನ ಅನುವಾದಯಂತ್ರವನ್ನು ತೆಗೆದು ನಮ್ಮ ಮುಂದೆ ಹಿಡಿಯುವರು. ಕೆಲವರು ಬಾಗಿಲಿನವರೆಗೂ ಬಂದು ಬಿಡುವರು. ಇದನ್ನು ನಾನು ಹದಿನೈದು ದಿನವೂ ಕಂಡೆನು.

ಇಷ್ಟನ್ನು ಬರೆದು ಮುಗಿಸಿ, ಅಂಚೆಗೆ ಹಾಕಲೆಂದು ಮೊನ್ನೆ ಮದ್ದೂರಿಗೆ ಹೋಗಿದ್ದೆನು. ಬಸ್ ಸ್ಟ್ಯಾಂಡಿನಲ್ಲಿ ಉತ್ತರದೇಶದ ಹುಡುಗನೊಬ್ಬನು ಚೀಲ ಹೊತ್ತು ನಿಂತಿದ್ದನು. ಮಳವಳ್ಳಿಯ ಕಡೆಯ ಆಲೆಮನೆಯೊಂದರಲ್ಲಿ ಕೆಲಸಕ್ಕೆ ಬಂದವನಂತೆ. ಬಸ್ಸುಗಳ ಬೋರ್ಡುಗಳೆಲ್ಲ ಕನ್ನಡದಲ್ಲಿದ್ದುವು. ಆತನು ಅವುಗಳನ್ನು ನೋಡುತ್ತಿದ್ದ ರೀತಿಯನ್ನು ನಾನು ಗುರುತಿಸಿದೆನು. ಗ್ವಾಂಗ್‌ಝೌವಿನ ಬೀದಿಯಲ್ಲಿ ನಾನೂ ಹಾಗೆಯೇ ನೋಡಿದ್ದೆನು. ನನ್ನ ಹರಕು ಹಿಂದಿಯಲ್ಲಿ ಆತನನ್ನು ಮಾತಾಡಿಸಿ, ಬಸ್ಸಿನ ಬಳಿಗೆ ಕರೆದುಕೊಂಡು ಹೋಗಿ, "ಇದೇ ಮಳವಳ್ಳಿಯದು" ಎಂದೆನು. ಆತನು ಕೈಮುಗಿದನು. ಆಮೇಲೆ ಸೌತೆಕಾಯಿ ಮಾರುವವಳನ್ನು ಕೇಳಿದನು. ಬಳಿಕ ಕಂಡಕ್ಟರನ್ನೂ ಕೇಳಿದನು. ಆ ಮೇಲೆ ಬಸ್ಸು ಹತ್ತಿದನು. ನನಗೆ ಈ ಸಲ ಬೇಸರವಾಗಲಿಲ್ಲ.